ಉಲ್ಲೇಖ ಎಲ್ಲಿ ಕೆಟ್ಟಿದೆ? ಅಚ್ಚಿನ ಆಕರ ಬಳಸುವ ವಿದ್ಯಾರ್ಥಿಗಳಿಗೆ ದೋಷ ನಿವಾರಣೆ ಕೈಪಿಡಿ

ಪ್ರಬಂಧ ಸಲ್ಲಿಸುವ ಗಡುವು ಹತ್ತಿರವಾದಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪುಸ್ತಕದ ಹೆಸರು ಓರೆ ಅಕ್ಷರದಲ್ಲಿರಬೇಕೋ ದಪ್ಪ ಅಕ್ಷರದಲ್ಲಿರಬೇಕೋ, ವರ್ಷದ ನಂತರ ಚುಕ್ಕಿಯೋ ಅಲ್ಪವಿರಾಮವೋ, ಪ್ರಕಾಶಕರ ಊರು ಬೇಕೋ ಬೇಡವೋ. ‘ನಾನು ಬರೆದುಕೊಂಡ ಈ ಪುಟ ಸಂಖ್ಯೆ ಯಾವ ಮುದ್ರಣದ್ದು?’ ಎಂದು ಕೇಳುವವರು ಮಾತ್ರ ಅಪರೂಪ. ಪ್ರಬಂಧಗಳ ಕರಡು ತಿದ್ದುವವನಾಗಿ ಹೇಳುತ್ತೇನೆ: ಚುಕ್ಕಿ, ಅಲ್ಪವಿರಾಮದ ತಪ್ಪುಗಳನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದು. ಕಾಡುವ ತಪ್ಪುಗಳು ಟಿಪ್ಪಣಿ ಮಾಡಿಕೊಂಡ ದಿನವೇ, ಗ್ರಂಥಾಲಯದ ಮೇಜಿನ ಮೇಲೆಯೇ ಆಗಿಹೋಗಿರುತ್ತವೆ. ಪುಸ್ತಕದ ಮೊದಲ ನಾಲ್ಕು ಪುಟಗಳನ್ನು ತಿರುವಿ ನೋಡದೆ ನೇರವಾಗಿ ಬೇಕಾದ ಅಧ್ಯಾಯಕ್ಕೆ ಹೋದವರಿಗೆ ಮುಂದಿನ ತೊಂದರೆಗಳಲ್ಲಿ ಬಹುಪಾಲು ಕಟ್ಟಿಟ್ಟ ಬುತ್ತಿ.

ಈ ಕೈಪಿಡಿ ಅಚ್ಚಾದ ಆಕರಗಳಿಗೆ ಮಾತ್ರ. ಪುಸ್ತಕ, ಸಂಪಾದಿತ ಸಂಪುಟ, ಗೆಜೆಟಿಯರ್ (ನಾಡು, ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಗ್ರಂಥ), ಶಾಸನ ಸಂಪುಟ, ದಿನಪತ್ರಿಕೆ ಇವುಗಳಿಗೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವವರಿಗೂ, ಸಾಗರ, ತೀರ್ಥಹಳ್ಳಿ, ಶಿಕಾರಿಪುರದ ಕಾಲೇಜುಗಳಲ್ಲಿ ಕಿರುಪ್ರಬಂಧ ಬರೆಯುವವರಿಗೂ ಎದುರಾಗುವ ತೊಂದರೆಗಳನ್ನೇ ಎತ್ತಿಕೊಂಡಿದ್ದೇನೆ. ಸುಲಭದ್ದು ಮೊದಲು, ಓಡಾಟ ಬೇಡುವುದು ಆಮೇಲೆ.

ಶುರುವಿಗೆ: ಖರ್ಚಿಲ್ಲದ ಎರಡು ತಪಾಸಣೆ

ಒಂದು, ನಿಮ್ಮ ವಿಭಾಗ ಯಾವ ಶೈಲಿಯನ್ನು ಕೇಳುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಇಂಗ್ಲಿಷ್ ವಿಭಾಗದಲ್ಲಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್‌ನ ಶೈಲಿ), ಸಮಾಜವಿಜ್ಞಾನಗಳಲ್ಲಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಶೈಲಿ), ಕನ್ನಡ ಮತ್ತು ಇತಿಹಾಸದಲ್ಲಿ ಅಡಿಟಿಪ್ಪಣಿ ಅಥವಾ ಕೊನೆಟಿಪ್ಪಣಿ ಎಂಬುದು ಸಾಮಾನ್ಯ ರೂಢಿ. ಹಿಂದಿನ ವರ್ಷದವರ ಪ್ರಬಂಧವನ್ನು ನೋಡಿ ನಕಲು ಮಾಡುವುದು ಅದಕ್ಕಿಂತಲೂ ಗಟ್ಟಿಯಾದ ರೂಢಿ! ತೊಂದರೆ ಶುರುವಾಗುವುದೂ ಅಲ್ಲೇ. ಎಪಿಎಯ ಏಳನೆಯ ಆವೃತ್ತಿ 2019ರಲ್ಲಿ ಬಂದಾಗ ಪ್ರಕಾಶಕರ ಊರನ್ನು ಕೈಬಿಟ್ಟಿತು. ಎಂಎಲ್‌ಎ 2016ರ ಎಂಟನೆಯ ಆವೃತ್ತಿಯಲ್ಲೇ ಅದನ್ನು ಬಹುಮಟ್ಟಿಗೆ ಬಿಟ್ಟಿತ್ತು. ಹಳೆಯ ಪ್ರಬಂಧದಿಂದ ಕೆಲವು ನಮೂದು, ಹೊಸ ಕೈಪಿಡಿಯಿಂದ ಕೆಲವು ನಮೂದು ತೆಗೆದರೆ ಒಂದು ಸಾಲಿನಲ್ಲಿ ‘ಹೆಗ್ಗೋಡು: ಅಕ್ಷರ ಪ್ರಕಾಶನ’ ಎಂದೂ ಮುಂದಿನ ಸಾಲಿನಲ್ಲಿ ಬರಿಯ ‘ಅಕ್ಷರ ಪ್ರಕಾಶನ’ ಎಂದೂ ಬರುತ್ತದೆ. ಎರಡೂ ಅವುಗಳ ಮಟ್ಟಿಗೆ ಸರಿ. ಒಂದೇ ಪಟ್ಟಿಯಲ್ಲಿ ಎರಡೂ ಇರುವುದು ತಪ್ಪು.

ಎರಡು, ನಿಮ್ಮ ಪಟ್ಟಿಯಿಂದ ಒಂದು ನಮೂದನ್ನು ಚೀಟಿಯಲ್ಲಿ ಬರೆದು ಬೇರೆ ವಿಷಯ ಓದುವ ಗೆಳತಿಗೋ ಗೆಳೆಯನಿಗೋ ಕೊಡಿ. ನಿಮ್ಮನ್ನು ಏನೂ ಕೇಳದೆ ಅವರು ಗ್ರಂಥಾಲಯಕ್ಕೆ ಹೋಗಿ, ಅದೇ ಪುಸ್ತಕ ತೆಗೆದು, ಅದೇ ಪುಟ ತೆರೆದು, ನೀವು ಹೇಳಿದ ಮಾತಿನ ಮೇಲೆ ಬೆರಳಿಟ್ಟರೆ ಉಲ್ಲೇಖ ಕೆಲಸ ಮಾಡುತ್ತಿದೆ. ನಡುವೆ ಎಲ್ಲಿ ನಿಂತರು ಎಂಬುದೇ ರೋಗ ಎಲ್ಲಿದೆ ಎಂದು ತೋರಿಸುತ್ತದೆ. ಪುಸ್ತಕವೇ ಸಿಗದಿದ್ದರೆ ದೋಷ ಲೇಖಕರ ಹೆಸರಿನಲ್ಲೋ ಶೀರ್ಷಿಕೆಯಲ್ಲೋ ಇದೆ. ಪುಸ್ತಕ ಸಿಕ್ಕಿ ಮಾತು ಸಿಗದಿದ್ದರೆ ಮುದ್ರಣದಲ್ಲೋ ಪುಟದಲ್ಲೋ ಇದೆ. ಮಾತು ಸಿಕ್ಕಿ ಅದು ಬೇರೆಯೇ ಲೇಖಕರದ್ದಾಗಿದ್ದರೆ ನೀವು ಎರವಲು ಉಲ್ಲೇಖ ಮಾಡಿದ್ದೀರಿ.

ಲಕ್ಷಣ: ಮಾರ್ಗದರ್ಶಕರು ಅಂಚಿನಲ್ಲಿ ‘ಆಧಾರ?’ ಎಂದು ಬರೆದಿದ್ದಾರೆ

ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಆಧಾರ ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಸ್ವಂತ ಮಾತಿನಲ್ಲಿ ಬರೆದರೆ ಬೇಡ ಎಂಬ ನಂಬಿಕೆಯೇ ಈ ಗುರುತಿಗೆ ಕಾರಣ. ಮಾತು ನಿಮ್ಮದಾದರೂ ವಿಷಯ ಇನ್ನೊಬ್ಬರಿಂದ ಬಂದಿದ್ದರೆ ಆಧಾರ ಬೇಕೇ ಬೇಕು.

ಯಾವುದಕ್ಕೆ ಬೇಡ? ತಾಳಗುಂದ ಶಿಕಾರಿಪುರ ತಾಲ್ಲೂಕಿನಲ್ಲಿದೆ ಎಂಬುದಕ್ಕೆ ಬೇಡ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು ಎಂಬುದಕ್ಕೂ ಸಾಮಾನ್ಯವಾಗಿ ಬೇಡ. ಆದರೆ ಶರಾವತಿ ಹಿನ್ನೀರಿನಲ್ಲಿ ಇಷ್ಟು ಊರು ಮುಳುಗಿದವು, ಇಷ್ಟು ಕುಟುಂಬಗಳು ಎದ್ದು ಹೋದವು ಎಂದು ಅಂಕಿ ಕೊಟ್ಟ ಕ್ಷಣ ಆ ಅಂಕಿ ಯಾರದು, ಯಾವ ಪುಟದ್ದು ಎಂದು ಹೇಳಲೇಬೇಕು. ಬೇರೆ ಬೇರೆ ಕಡೆ ಬೇರೆ ಬೇರೆ ಅಂಕಿ ಸಿಗುವ ವಿಷಯವಿದು. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ (ವಿದ್ಯಾಕೇಂದ್ರಕ್ಕೆ) ಹೋದ ಎನ್ನುವಾಗಲೂ ಹಾಗೆಯೇ. ಶಾಲೆಯ ಪಠ್ಯದಲ್ಲಿ ಓದಿದ ಕಥೆಯಾದರೂ ಅದರ ಮೂಲ ತಾಳಗುಂದದ ಕಂಬದ ಶಾಸನ, ಸಂಶೋಧನಾ ಪ್ರಬಂಧದಲ್ಲಿ ಅದನ್ನು ತೋರಿಸಬೇಕು.

ಇನ್ನೊಂದು ಉಪಲಕ್ಷಣವಿದೆ. ಇಡೀ ಪರಿಚ್ಛೇದ ಬರೆದು ಕೊನೆಯಲ್ಲಿ ಒಂದೇ ಒಂದು ಟಿಪ್ಪಣಿ ಸಂಖ್ಯೆ ಹಾಕಿರುತ್ತಾರೆ. ಓದುವವರಿಗೆ ಅದು ಕೊನೆಯ ವಾಕ್ಯಕ್ಕೋ ಎಂಟೂ ವಾಕ್ಯಗಳಿಗೋ ತಿಳಿಯುವುದಿಲ್ಲ. ಪರಿಹಾರ ಸುಲಭ: ಪರಿಚ್ಛೇದದ ಮೊದಲಲ್ಲೇ ‘ರೈಸ್ ಅವರ ಪ್ರಕಾರ’ ಎಂಬಂತೆ ಲೇಖಕರನ್ನು ಹೆಸರಿಸಿ ಶುರುಮಾಡಿ, ಕೊನೆಯಲ್ಲಿ ಪುಟ ಕೊಡಿ. ನಡುವಿನದೆಲ್ಲ ಅವರದು ಎಂಬುದು ಆಗ ಸ್ಪಷ್ಟವಾಗುತ್ತದೆ.

ಲಕ್ಷಣ: ಒಳಗಿರುವುದು ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿರುವುದು ಒಳಗಿಲ್ಲ

ಪ್ರಬಂಧವನ್ನು ಅಚ್ಚು ಹಾಕಿಸಿ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಒಳಗೆ ಬರುವ ಪ್ರತಿ ಹೆಸರಿಗೂ ಪಟ್ಟಿಯಲ್ಲಿ ಒಂದು ಗೀಟು. ಗೀಟು ಬೀಳದ ನಮೂದುಗಳು ಎರಡು ಬಗೆಯವು. ಓದಿದ್ದೇನೆ, ಆದರೆ ಎಲ್ಲೂ ಬಳಸಿಲ್ಲ ಎನ್ನುವಂಥವು ಮೊದಲನೆಯವು. ಎಂಎಲ್‌ಎ, ಎಪಿಎ ಎರಡರಲ್ಲೂ ಅವಕ್ಕೆ ಜಾಗವಿಲ್ಲ. ‘ಪರಾಮರ್ಶನ ಗ್ರಂಥಗಳು’ ಎಂದು ಬೇರೆ ಪಟ್ಟಿ ಕೊಡುವ ಪದ್ಧತಿ ವಿಭಾಗದಲ್ಲಿದ್ದರೆ ಅಲ್ಲಿ ಸೇರಿಸಬಹುದು. ಓದಿಯೂ ಇಲ್ಲ, ಪಟ್ಟಿ ದಪ್ಪವಾಗಿ ಕಾಣಲಿ ಎಂದು ಸೇರಿಸಿದವು ಎರಡನೆಯವು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರ ಬೆರಳು ಹೇಗೋ ಅದೇ ನಮೂದಿನ ಮೇಲೆ ಬಂದು ನಿಲ್ಲುತ್ತದೆ. ತೆಗೆದುಹಾಕಿ.

ಲಕ್ಷಣ: ಹೇಳಿದ ಪುಟ ತೆರೆದರೆ ಆ ಮಾತು ಅಲ್ಲಿಲ್ಲ

ಇದು ಗಂಭೀರ ದೋಷ. ಪರೀಕ್ಷಕರು ಇದನ್ನು ಕಂಡರೆ ಉಳಿದ ಉಲ್ಲೇಖಗಳನ್ನೂ ನಂಬುವುದಿಲ್ಲ. ಕಾರಣಗಳನ್ನು ಹೀಗೆ ಒಂದೊಂದಾಗಿ ತಳ್ಳಿಹಾಕುತ್ತ ಬನ್ನಿ.

ಮೊದಲು ಅಕ್ಕಪಕ್ಕದ ಪುಟ ನೋಡಿ. ಮಾತು ಒಂದು ಪುಟ ಹಿಂದೆಯೋ ಮುಂದೆಯೋ ಇದ್ದರೆ ಜೆರಾಕ್ಸ್ ಮೇಲೆ ಅನುಮಾನ ಪಡಬೇಕು. ಎರಡು ಪುಟಗಳನ್ನು ಒಂದೇ ಹಾಳೆಗೆ ತೆಗೆದಾಗ ಮೂಲೆಯ ಪುಟ ಸಂಖ್ಯೆ ಕತ್ತರಿಸಿಹೋಗುವುದು ಸಾಮಾನ್ಯ, ಆಮೇಲೆ ಅಂದಾಜಿನಲ್ಲಿ ಪೆನ್ನಿನಿಂದ ಬರೆದುಕೊಂಡಿರುತ್ತೀರಿ.

ವ್ಯತ್ಯಾಸ ಹತ್ತು ಹದಿನೈದು ಪುಟ, ಅದೂ ಎಲ್ಲ ಕಡೆ ಒಂದೇ ಸಮ ಇದ್ದರೆ? ನೀವು ಮೊಬೈಲಿನಲ್ಲಿ ಪಿಡಿಎಫ್ ನೋಡಿ ಬರೆದಿದ್ದೀರಿ. ಪರದೆಯ ಮೇಲೆ ಕಾಣುವ ಸಂಖ್ಯೆ ಮುಖಪುಟದಿಂದ ಎಣಿಕೆ ಶುರುಮಾಡುತ್ತದೆ. ಪುಸ್ತಕದ ಒಳಗೆ ಅಚ್ಚಾದ ಸಂಖ್ಯೆ ಮುನ್ನುಡಿ, ಅರಿಕೆ, ಪರಿವಿಡಿ ಎಲ್ಲ ಕಳೆದ ಮೇಲೆ ಶುರುವಾಗುತ್ತದೆ. ಉಲ್ಲೇಖಕ್ಕೆ ಬರುವುದು ಅಚ್ಚಾದ ಸಂಖ್ಯೆ ಮಾತ್ರ. ಮುನ್ನುಡಿಯಿಂದಲೇ ಮಾತು ತೆಗೆದಿದ್ದರೆ ಅಲ್ಲಿ ರೋಮನ್ ಅಂಕಿ ಇರಬಹುದು. ಅದನ್ನು ಹಾಗೆಯೇ ಕೊಡಿ, ಸಾಮಾನ್ಯ ಅಂಕಿಗೆ ತಿರುಗಿಸಬೇಡಿ. ಮುನ್ನುಡಿ ಬರೆದವರು ಬೇರೆಯವರಾದರೆ ಆ ಮಾತು ಅವರದು, ಪುಸ್ತಕದ ಲೇಖಕರದಲ್ಲ. ಕನ್ನಡ ಪುಸ್ತಕಗಳಲ್ಲಿ ಮುನ್ನುಡಿ, ಬೆನ್ನುಡಿ, ಹಾರೈಕೆ ಎಂದು ಮೂರು ನಾಲ್ಕು ಜನರ ಮಾತು ಇರುವುದರಿಂದ ಈ ಅದಲುಬದಲು ಬೇಗ ಆಗಿಬಿಡುತ್ತದೆ.

ವ್ಯತ್ಯಾಸ ಒಂದೇ ಸಮ ಇಲ್ಲ, ಪುಸ್ತಕ ಮುಂದೆ ಹೋದಂತೆ ಹೆಚ್ಚುತ್ತ ಹೋಗುತ್ತದೆ ಎಂದಾದರೆ ನಿಮ್ಮ ಪ್ರತಿಯೂ ಪರೀಕ್ಷಕರ ಪ್ರತಿಯೂ ಬೇರೆ ಬೇರೆ ಮುದ್ರಣದವು. ಅಕ್ಷರ ಹೊಸದಾಗಿ ಜೋಡಿಸಿದ್ದಾರೆ. ಮಲೆನಾಡಿನ ಮೇಲೆ ಬರೆಯುವ ಯಾರೂ ಬಿಡದ ‘ಮಲೆಗಳಲ್ಲಿ ಮದುಮಗಳು’ ಮೊದಲು ಬಂದದ್ದು 1967ರಲ್ಲಿ, ಆಮೇಲೆ ಹಲವು ಮುದ್ರಣ ಕಂಡಿದೆ. ವಸತಿನಿಲಯದ ಕೋಣೆಯಲ್ಲಿ ಒಂದು ಮುದ್ರಣ, ಕಾಲೇಜಿನಲ್ಲಿ ಇನ್ನೊಂದು, ಮನೆಯ ಅಟ್ಟದಲ್ಲಿ ಮತ್ತೊಂದು ಓದಿ ಮೂರರಿಂದಲೂ ಪುಟ ಬರೆದುಕೊಂಡು ಪಟ್ಟಿಯಲ್ಲಿ 1967 ಎಂದು ಹಾಕಿದರೆ ಎಲ್ಲವೂ ತಪ್ಪುತ್ತದೆ. ಒಂದೇ ಪ್ರತಿಯನ್ನು ಆರಿಸಿಕೊಂಡು ಎಲ್ಲ ಪುಟಗಳನ್ನೂ ಅದರಲ್ಲೇ ಮತ್ತೆ ಹುಡುಕುವುದೊಂದೇ ದಾರಿ. ಬೇಸರದ ಕೆಲಸ ನಿಜ. ಕಾದಂಬರಿಯಾದರೆ ಅಧ್ಯಾಯ ಸಂಖ್ಯೆಯನ್ನೂ ಜೊತೆಗೆ ಕೊಟ್ಟುಬಿಡಿ, ಬೇರೆ ಮುದ್ರಣ ಹಿಡಿದವರಿಗೂ ದಾರಿ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪುಟ ಸಿಗಲಿಲ್ಲವೆಂದು ಅಂದಾಜಿನ ಸಂಖ್ಯೆ ಬರೆಯಬೇಡಿ. ಪುಟ ಇಲ್ಲದ ಉಲ್ಲೇಖ ಅಪೂರ್ಣ ಅಷ್ಟೇ. ಇಲ್ಲದ ಪುಟವನ್ನು ಸೃಷ್ಟಿಸಿದರೆ ಅದು ಸುಳ್ಳು ಆಧಾರ, ಸಿಕ್ಕಿಬಿದ್ದಾಗ ‘ಬೆರಳಚ್ಚಿನ ತಪ್ಪು’ ಎಂಬ ಮಾತನ್ನು ಯಾರೂ ಕೇಳುವುದಿಲ್ಲ.

ಲಕ್ಷಣ: ಪುಸ್ತಕದಲ್ಲಿ ಮೂರು ವರ್ಷಗಳಿವೆ, ಯಾವುದನ್ನು ಹಾಕುವುದು?

ಶೀರ್ಷಿಕೆ ಪುಟದ ಹಿಂಬದಿಯನ್ನು ತೆರೆಯಿರಿ. ಕನ್ನಡ ಪುಸ್ತಕವಾದರೆ ಸಣ್ಣ ಅಕ್ಷರದಲ್ಲಿ ಸಾಲು ಸಾಲಾಗಿ ಹೀಗೆ ಇರುತ್ತದೆ ಎಂದುಕೊಳ್ಳಿ: ಮೊದಲ ಮುದ್ರಣ 1982, ಎರಡನೆಯ ಮುದ್ರಣ 1991, ಪರಿಷ್ಕೃತ ಮೂರನೆಯ ಮುದ್ರಣ 2009, ಪ್ರತಿಗಳು 1000, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ, 1/8 ಡೆಮಿ, ಹಕ್ಕುಗಳು ಲೇಖಕರವು, ಬೆಲೆ, ಅಕ್ಷರ ಜೋಡಣೆ, ಮುದ್ರಕರು. ಇದರಲ್ಲಿ ನಿಮಗೆ ಬೇಕಾದದ್ದು ಎರಡೇ. ನಿಮ್ಮ ಕೈಯಲ್ಲಿರುವ ಪ್ರತಿಯ ಮುದ್ರಣ ಯಾವುದೋ ಆ ವರ್ಷ, ಇಲ್ಲಿ 2009. ಜೊತೆಗೆ ‘ಪರಿಷ್ಕೃತ’ ಎಂಬ ಪದ. ಪರಿಷ್ಕೃತ ಎಂದರೆ ಲೇಖಕರು ಒಳಗಿನ ಮಾತನ್ನೇ ಬದಲಿಸಿದ್ದಾರೆ ಎಂಬ ಸೂಚನೆ. 1982ರ ಪ್ರತಿಯಲ್ಲಿ ಹೇಳಿದ್ದು 2009ರದ್ದರಲ್ಲಿ ಇಲ್ಲದೇ ಹೋಗಬಹುದು, ತಿರುಗುಮುರುಗಾಗಿಯೂ ಇರಬಹುದು. ಅದನ್ನು ನಮೂದಿನಲ್ಲಿ ‘ಪರಿಷ್ಕೃತ 3ನೆಯ ಮುದ್ರಣ’ ಎಂದು ಕಾಣಿಸಿ. ಕೃತಿ ಮೊದಲು ಯಾವಾಗ ಬಂತು ಎಂಬುದು ನಿಮ್ಮ ವಾದಕ್ಕೆ ಮುಖ್ಯವಾದರೆ ಅದನ್ನು ವಾಕ್ಯದೊಳಗೆ ಹೇಳಿ. ಮುದ್ರಕರ ಹೆಸರನ್ನು ಪ್ರಕಾಶಕರೆಂದು ಬರೆಯುವುದೂ ಇದೇ ಪುಟದಲ್ಲಿ ಹುಟ್ಟುವ ತಪ್ಪು. ಪ್ರೆಸ್ ಅಚ್ಚು ಹಾಕಿದೆ, ಪ್ರಕಟಿಸಿದವರು ಬೇರೆ.

ವರ್ಷವೇ ಇಲ್ಲವೇ? ಮುನ್ನುಡಿಯ ಕೊನೆಯಲ್ಲಿ ಸಹಿಯ ಕೆಳಗೆ ಊರು ಮತ್ತು ದಿನಾಂಕ ಇರುತ್ತದೆಯೇ ನೋಡಿ. ಅದರಿಂದ ತೆಗೆದ ವರ್ಷವನ್ನು ಚೌಕ ಆವರಣದಲ್ಲಿ ಹಾಕಿದರೆ ‘ಪುಸ್ತಕದಲ್ಲಿ ಮುದ್ರಣ ವರ್ಷ ಕೊಟ್ಟಿಲ್ಲ, ನಾನು ಊಹಿಸಿದ್ದು’ ಎಂಬ ಅರ್ಥ ಬರುತ್ತದೆ. ಏನೂ ಸಿಗದಿದ್ದರೆ ‘ವರ್ಷ ನಮೂದಿಸಿಲ್ಲ’ ಎಂದೇ ಬರೆಯಿರಿ. ಮಠಗಳು, ದೇವಸ್ಥಾನಗಳು ಹೊರತಂದ ಹಳೆಯ ಪುಸ್ತಕಗಳಲ್ಲಿ ಶಾಲಿವಾಹನ ಶಕ ಮಾತ್ರ ಇರುವುದುಂಟು. ಶಕಕ್ಕೆ 78 ಕೂಡಿಸಿ. ಶಕ ವರ್ಷ ಯುಗಾದಿಗೆ ಶುರುವಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ತಿಂಗಳುಗಳಾದರೆ 79. ಶಕ 1890 ಎಂದಷ್ಟೇ ಇದ್ದರೆ 1968-69 ಎನ್ನುವುದು ಸುರಕ್ಷಿತ. ಬರಿಯ ಸಂವತ್ಸರದ ಹೆಸರಿದ್ದರೆ ಜೋಪಾನ, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಬೇರೆ ಸಾಕ್ಷಿ ಇಲ್ಲದೆ ಇಸವಿ ಕಟ್ಟಬೇಡಿ.

ಲಕ್ಷಣ: ‘ಗೆಜೆಟಿಯರ್, ಪು. 450’ ಎಂದು ಬರೆದದ್ದಕ್ಕೆ ‘ಯಾವ ಗೆಜೆಟಿಯರ್?’ ಎಂಬ ಪ್ರಶ್ನೆ

ನಮ್ಮ ಶಿವಮೊಗ್ಗ ಜಿಲ್ಲೆಯ ಮೇಲೆ ಬರೆಯುವವರೆಲ್ಲ ಎಡವುವ ಜಾಗ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಮೊದಲು ಬಂದದ್ದು 1877-78ರಲ್ಲಿ. ಅದನ್ನು ಪರಿಷ್ಕರಿಸಿ ಎರಡು ಸಂಪುಟಗಳಲ್ಲಿ ಹೊರತಂದದ್ದು 1897ರಲ್ಲಿ. ಸಿ. ಹಯವದನರಾವ್ ಅವರ ಸಂಪಾದಕತ್ವದ ಮೈಸೂರು ಗೆಜೆಟಿಯರ್ 1927-30ರ ಅವಧಿಯದು. ಶಿವಮೊಗ್ಗ ಜಿಲ್ಲೆಯದೇ ಆದ ಗೆಜೆಟಿಯರನ್ನು ರಾಜ್ಯ ಸರ್ಕಾರ ಹೊರತಂದದ್ದು 1975ರಲ್ಲಿ. ಇವುಗಳಲ್ಲಿ ಜನಸಂಖ್ಯೆ, ಬೆಳೆ, ತಾಲ್ಲೂಕುಗಳ ಗಡಿ ಎಲ್ಲವೂ ಬೇರೆ ಬೇರೆ ಕಾಲದವು. ಆಯಾ ಸಂಪಾದಕರ ಹೆಸರು, ವರ್ಷ, ಸಂಪುಟ ಮೂರನ್ನೂ ಕೊಡದ ಉಲ್ಲೇಖ ಇಲ್ಲಿ ಇದ್ದೂ ಇಲ್ಲದಂತೆ.

1897ರದ್ದನ್ನು ಎಂಎಲ್‌ಎಯಲ್ಲಿ ಬರೆದರೆ ಹೀಗಾಗುತ್ತದೆ: ರೈಸ್, ಬಿ.ಎಲ್. ಮೈಸೂರ್: ಎ ಗೆಜೆಟಿಯರ್ ಕಂಪೈಲ್ಡ್ ಫಾರ್ ಗವರ್ನ್‌ಮೆಂಟ್. ಪರಿಷ್ಕೃತ ಆವೃತ್ತಿ, ಸಂಪುಟ 2, ಆರ್ಚಿಬಾಲ್ಡ್ ಕಾನ್‌ಸ್ಟೆಬಲ್, 1897. ಎಪಿಎಯಲ್ಲಿ ವರ್ಷ ಹೆಸರಿನ ಹಿಂದೆಯೇ ಆವರಣದಲ್ಲಿ ಬರುತ್ತದೆ, ಆವೃತ್ತಿ ಮತ್ತು ಸಂಪುಟ ಶೀರ್ಷಿಕೆಯ ಬಳಿ ಆವರಣದೊಳಗೆ ಸೇರುತ್ತವೆ. ಬರಹದ ಒಳಗಿನ ಆವರಣದಲ್ಲಿ ಎಂಎಲ್‌ಎ ಹೆಸರು ಮತ್ತು ಪುಟ ಮಾತ್ರ ಕೇಳುತ್ತದೆ, ಎಪಿಎ ವರ್ಷವನ್ನೂ ಕೇಳುತ್ತದೆ. ಸಂಪುಟಗಳು ಒಂದಕ್ಕಿಂತ ಹೆಚ್ಚು ಬಳಕೆಯಾಗಿದ್ದರೆ ಎಂಎಲ್‌ಎಯಲ್ಲಿ ಪುಟದ ಮುಂದೆ ಸಂಪುಟ ಸಂಖ್ಯೆಯೂ ಬರಬೇಕು. ಮರುಮುದ್ರಣದ ಪ್ರತಿ ಕೈಯಲ್ಲಿದ್ದರೆ ಮೂಲದ ವರ್ಷ, ಮರುಮುದ್ರಣದ ವರ್ಷ ಎರಡನ್ನೂ ಕೊಡುವುದು ಲೇಸು, ಇಲ್ಲವಾದರೆ ರೈಸ್ 21ನೆಯ ಶತಮಾನದಲ್ಲಿ ಕುಳಿತು ಬರೆದಂತೆ ಕಾಣುತ್ತದೆ.

ಲಕ್ಷಣ: ಶಾಸನ ಸಂಖ್ಯೆ ತಾಳೆಯಾಗುತ್ತಿಲ್ಲ

ಶಾಸನಗಳ ಸಂಪುಟ ಸರಣಿಯಾದ ಎಪಿಗ್ರಾಫಿಯ ಕರ್ನಾಟಿಕದ (ಎ.ಕ.) ಶಿವಮೊಗ್ಗ ಸಂಪುಟಗಳು ರೈಸ್ ಅವರ ಸರಣಿಯಲ್ಲಿ ಎರಡು. ಏಳನೆಯದು 1902ರದು, ಎಂಟನೆಯದು 1904ರದು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಏಳರಲ್ಲಿವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಟರಲ್ಲಿವೆ. ಹುಡುಕುವವರು ದಾರಿ ತಪ್ಪುವುದು ಎರಡು ಕಡೆ. ಹೊನ್ನಾಳಿ, ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಇಂದಿನ ಭೂಪಟ ಇಟ್ಟುಕೊಂಡು ಅವುಗಳ ಶಾಸನಗಳನ್ನು ಬೇರೆ ಸಂಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹುಂಚ ಇಂದು ಹೊಸನಗರ ತಾಲ್ಲೂಕು, ರೈಸ್ ಅವರಲ್ಲಿ ಅದು ನಗರ ತಾಲ್ಲೂಕಿನ ಕೆಳಗೆ ಬರುತ್ತದೆ.

ತಾಳಗುಂದದ ಕಂಬದ ಶಾಸನ ಏಳನೆಯ ಸಂಪುಟದಲ್ಲಿ ಶಿಕಾರಿಪುರ 176. ಅದೇ ಶಾಸನವನ್ನು ವಿದ್ವಾಂಸ ಕೀಲ್‌ಹಾರ್ನ್ ಇನ್ನೊಂದು ಶಾಸನ ಸರಣಿಯಾದ ಎಪಿಗ್ರಾಫಿಯ ಇಂಡಿಕದ ಎಂಟನೆಯ ಸಂಪುಟದಲ್ಲಿ ಮತ್ತೆ ಸಂಪಾದಿಸಿದ್ದಾರೆ. ಎರಡರ ಪಾಠ, ವ್ಯಾಖ್ಯಾನ ಒಂದೇ ಅಲ್ಲ. ನೀವು ಉಲ್ಲೇಖಿಸಿದ ಸಾಲು ಯಾರ ಪಾಠದಿಂದ ಬಂದದ್ದೋ ಅವರನ್ನೇ ಹೆಸರಿಸಬೇಕು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಸರಣಿಯಲ್ಲಿ ಸಂಪುಟಗಳ ಕ್ರಮವೂ ಶಾಸನಗಳ ಸಂಖ್ಯೆಯೂ ಹಳೆಯದರಂತಿಲ್ಲ. ಆದ್ದರಿಂದ ಬರಿಯ ‘ಎ.ಕ. 7’ ಎಂದರೆ ಸಾಲದು, ಹಳೆಯದೋ ಪರಿಷ್ಕೃತವೋ ಎಂದು ಹೇಳಬೇಕು. ರೈಸ್ ಸಂಪುಟಗಳಲ್ಲಿ ಮೂಲಪಾಠ, ಲಿಪ್ಯಂತರ, ಅನುವಾದ ಬೇರೆ ಬೇರೆ ಭಾಗಗಳಾಗಿರುವುದರಿಂದ ಪುಟಕ್ಕಿಂತ ತಾಲ್ಲೂಕು ಮತ್ತು ಶಾಸನ ಸಂಖ್ಯೆಯೇ ನೆಚ್ಚಿನ ಗುರುತು. ಪುಟ ಕೊಡುವುದಾದರೆ ಯಾವ ಭಾಗದ್ದೆಂದು ಸೇರಿಸಿ.

ಇಷ್ಟು ಮಾಡಿಯೂ ಸಂಖ್ಯೆ ಕೂಡದಿದ್ದರೆ ನಿಲ್ಲಿಸಿ. ಶಾಸನ ಬಲ್ಲ ಅಧ್ಯಾಪಕರನ್ನು ಕೇಳಿ. ಊರಿನ ಹೆಸರು ಹೋಲುವ ಬೇರೊಂದು ಶಾಸನವನ್ನು ‘ಇದೇ ಇರಬೇಕು’ ಎಂದು ಹಾಕಿಬಿಡುವುದು ಇತಿಹಾಸದ ಪ್ರಬಂಧದಲ್ಲಿ ದೊಡ್ಡ ಅಪಾಯ.

ಲಕ್ಷಣ: ಒಬ್ಬರೇ ಲೇಖಕರು ಪಟ್ಟಿಯಲ್ಲಿ ಎರಡು ಕಡೆ ಬಂದಿದ್ದಾರೆ

ಇಂಗ್ಲಿಷ್ ಕೈಪಿಡಿಗಳು ‘ಕುಲನಾಮ ಮೊದಲು’ ಎನ್ನುತ್ತವೆ. ನಮ್ಮ ಬಹಳಷ್ಟು ಹೆಸರುಗಳಲ್ಲಿ ಕುಲನಾಮವೇ ಇಲ್ಲ. ಮುಂದಿರುವ ಅಕ್ಷರಗಳು ಊರು ಮತ್ತು ತಂದೆಯ ಹೆಸರು, ಕೊನೆಯದು ಅವರದೇ ಹೆಸರು. ಯು.ಆರ್. ಅನಂತಮೂರ್ತಿ ಅಕಾರದಲ್ಲಿ, ಪಿ. ಲಂಕೇಶ್ ಲಕಾರದಲ್ಲಿ ಬರುತ್ತಾರೆ, ಅಷ್ಟೇ. ಸಾಗರದ ನಾ. ಡಿಸೋಜ ಅವರಿಗೆ ಕುಲನಾಮ ಇದೆ, ಡಕಾರ. ತೊಡಕು ಬರುವುದು ಭಟ್ಟ, ಹೆಗಡೆ, ಗೌಡ, ನಾಯಕ ಎಂದು ಮುಗಿಯುವ ಮಲೆನಾಡಿನ ಹೆಸರುಗಳಲ್ಲಿ. ಎಸ್.ವಿ. ಪರಮೇಶ್ವರ ಭಟ್ಟ ಅವರನ್ನು ಪಕಾರದಲ್ಲಿ ಹುಡುಕುವುದೋ ಭಕಾರದಲ್ಲೋ? ಕನ್ನಡ ಪ್ರಬಂಧದಲ್ಲಿ ‘ಪರಮೇಶ್ವರ ಭಟ್ಟ, ಎಸ್.ವಿ.’ ಎಂಬುದೇ ಓದುಗರ ಕಣ್ಣಿಗೆ ಸಹಜ. ಪಟ್ಟಿಯಲ್ಲಿ ನಲವತ್ತು ಜನ ಭಟ್ಟರು ಒಂದೇ ಕಡೆ ಗುಂಪುಗೂಡಿದರೆ ಯಾರಿಗೂ ಉಪಕಾರವಿಲ್ಲ. ನಿಮ್ಮ ವಿಭಾಗ ಬೇರೆ ಹೇಳಿದರೆ ಅದರಂತೆ ನಡೆಯಿರಿ, ಆದರೆ ಆದಿಯಿಂದ ಅಂತ್ಯದವರೆಗೆ ಒಂದೇ ನಿಯಮ ಇರಲಿ.

ಕಾವ್ಯನಾಮಕ್ಕೆ ಒಂದೇ ಮಾತು: ಶೀರ್ಷಿಕೆ ಪುಟದಲ್ಲಿ ಕುವೆಂಪು ಎಂದಿದ್ದರೆ ಪಟ್ಟಿಯಲ್ಲೂ ಕುವೆಂಪು. ಡಾ., ಪ್ರೊ., ಶ್ರೀಮತಿ, ರಾಷ್ಟ್ರಕವಿ ಮುಂತಾದವು ಪಟ್ಟಿಯಲ್ಲಿ ಬರಬಾರದು. ಗೌರವ ಕಡಿಮೆಯಾಯಿತೆಂದು ಯಾರೂ ತಿಳಿಯುವುದಿಲ್ಲ.

ಲಕ್ಷಣ: ಸಂಪಾದಕರು ಹೇಳದ ಮಾತು ಅವರ ಹೆಸರಿನಲ್ಲಿದೆ

ಅಭಿನಂದನ ಗ್ರಂಥ, ಸಂಸ್ಮರಣ ಸಂಪುಟ, ವಿಚಾರಗೋಷ್ಠಿಯ ಪ್ರಬಂಧ ಸಂಕಲನ ಇವುಗಳಿಂದ ತೆಗೆದಾಗ ಹೀಗಾಗುತ್ತದೆ. ಮಾತು ಲೇಖನ ಬರೆದವರದು. ನಮೂದು ಅವರ ಹೆಸರಿನಿಂದ ಶುರುವಾಗಿ, ಲೇಖನದ ಶೀರ್ಷಿಕೆ, ಆಮೇಲೆ ಸಂಪುಟದ ಹೆಸರು, ‘ಸಂ.’ ಎಂದು ಸಂಪಾದಕರು, ಕೊನೆಗೆ ಲೇಖನದ ಮೊದಲ ಮತ್ತು ಕೊನೆಯ ಪುಟ. ಅಭಿನಂದನೆಗೆ ಪಾತ್ರರಾದವರ ಹೆಸರು ಮುಖಪುಟದಲ್ಲಿ ದೊಡ್ಡದಾಗಿರುತ್ತದೆ, ಅವರು ಲೇಖಕರೂ ಅಲ್ಲ, ಸಂಪಾದಕರೂ ಅಲ್ಲ.

ಲಕ್ಷಣ: ಓದದ ಪುಸ್ತಕ ಉಲ್ಲೇಖದಲ್ಲಿದೆ

ಕಾಗೋಡು ಸತ್ಯಾಗ್ರಹದ ಮೇಲಿನ ಒಂದು ಪುಸ್ತಕದಲ್ಲಿ 1951ರ ವರದಿಯೊಂದರ ಸಾಲು ಉದ್ಧೃತವಾಗಿದೆ. ನೀವು ವರದಿ ಕಂಡಿಲ್ಲ, ಆದರೂ ಅಡಿಟಿಪ್ಪಣಿಯಲ್ಲಿ ವರದಿಯನ್ನೇ ಹಾಕಿದ್ದೀರಿ. ಮೊದಲಿನವರು ಪುಟ ತಪ್ಪು ಬರೆದಿದ್ದರೆ ಆ ತಪ್ಪು ನಿಮ್ಮಲ್ಲೂ ಅಕ್ಷರಶಃ ಬರುತ್ತದೆ, ಪರೀಕ್ಷಕರು ಗುರುತಿಸುವುದೇ ಹಾಗೆ. ಮೊದಲು ಮೂಲ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ವರದಿಯ ಹೆಸರು ಹೇಳಿ, ‘ಉದ್ಧೃತ:’ ಎಂದು ಸೇರಿಸಿ ನೀವು ನಿಜವಾಗಿ ಓದಿದ ಪುಸ್ತಕದ ಪುಟ ಕೊಡಿ. ಪಟ್ಟಿಯಲ್ಲಿ ಓದಿದ್ದು ಮಾತ್ರ ಇರಲಿ.

ಲಕ್ಷಣ: ‘ಅದೇ, ಪು. 62’ ಬೇರೆ ಪುಸ್ತಕವನ್ನು ತೋರಿಸುತ್ತಿದೆ

ಕೊನೆಯ ತಿದ್ದುಪಡಿಯಲ್ಲಿ ನಡುವೆ ಒಂದು ಹೊಸ ಟಿಪ್ಪಣಿ ಸೇರಿಸಿದ್ದೀರಿ, ಅದರ ಕೆಳಗಿನ ‘ಅದೇ’ (ಹಿಂದಿನ ಟಿಪ್ಪಣಿಯ ಪುಸ್ತಕವೇ ಎಂಬ ಸೂಚನೆ) ಈಗ ಹೊಸಬರ ಪಾಲಾಗಿದೆ. ಕರಡು ಮುಗಿಯುವವರೆಗೆ ‘ಅದೇ’, ‘ಪೂರ್ವೋಕ್ತ’ ಬಳಸಲೇಬೇಡಿ. ಹೆಸರು ಮತ್ತು ಚಿಕ್ಕ ಶೀರ್ಷಿಕೆ ಬರೆಯುತ್ತ ಹೋಗಿ. ವಿಭಾಗ ಹಟ ಹಿಡಿದರೆ ಕೊನೆಯ ದಿನ ಬದಲಿಸಬಹುದು.

ಲಕ್ಷಣ: ಪತ್ರಿಕೆಯ ತುಣುಕು ಇದೆ, ದಿನಾಂಕ ಇಲ್ಲ

ಮನೆಗಳಲ್ಲಿ ಕತ್ತರಿಸಿ ಅಂಟಿಸಿಟ್ಟ ತುಣುಕುಗಳು ಈ ಭಾಗದಲ್ಲಿ ಬೇಕಾದಷ್ಟು ಸಿಗುತ್ತವೆ. ಅಂಟಿಸದೆ ಬಿಡಿಯಾಗಿದ್ದರೆ ಹಿಂಬದಿ ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆ ಧಾರಣೆ ಅಚ್ಚಾಗಿದ್ದರೆ ಮಾರುಕಟ್ಟೆಯ ದಿನಾಂಕ ಜೊತೆಗಿರಬಹುದು. ಸಿನಿಮಾ ಜಾಹೀರಾತು, ಟೆಂಡರ್ ಪ್ರಕಟಣೆಯ ಕೊನೆಯ ದಿನ, ಪಂಚಾಂಗದ ತಿಥಿ ಇವೂ ಸಾಕ್ಷಿಗಳೇ. ಅಂಟಿಸಿದ್ದರೆ ಕೀಳಲು ಹೋಗಬೇಡಿ, ಎರಡೂ ಬದಿ ಹಾಳಾಗುತ್ತದೆ. ಸಿಕ್ಕ ಸುಳಿವಿನಿಂದ ಗ್ರಂಥಾಲಯದ ಪತ್ರಿಕಾ ಸಂಪುಟದಲ್ಲಿ ಆ ವಾರವನ್ನು ಹುಡುಕಿ. ನಮೂದಿನಲ್ಲಿ ಪತ್ರಿಕೆಯ ಹೆಸರು, ದಿನಾಂಕ, ಪುಟದ ಜೊತೆಗೆ ಯಾವ ಆವೃತ್ತಿ ಎಂಬುದನ್ನೂ ಹೇಳಿ. ಒಂದೇ ದಿನದ ಪತ್ರಿಕೆಯಲ್ಲಿ ಶಿವಮೊಗ್ಗಕ್ಕೆ ಬಂದ ಜಿಲ್ಲಾ ಪುಟ ಬೆಂಗಳೂರಿನ ಪ್ರತಿಯಲ್ಲಿ ಇರುವುದಿಲ್ಲ.

ಲಕ್ಷಣ: ಅಕಾರಾದಿ ಕ್ರಮ ಕಂಪ್ಯೂಟರಿನಲ್ಲಿ ಕೆಡುತ್ತದೆ

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿ ಇದು. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕ್ರಮ ಹಾಕಿಸಿದರೆ ಕಲಸುಮೇಲೋಗರವಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ಓದಿ. ಪುಟ ಸಂಖ್ಯೆಗಳನ್ನೂ ನೋಡಿ, ಪರಿವರ್ತನೆಯಲ್ಲಿ ಅಂಕಿಗಳು ಏರುಪೇರಾಗುವುದುಂಟು.

ಹಳೆಯ ಪುಸ್ತಕ ಮುಟ್ಟುವ ಮುನ್ನ

ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಪೆಟ್ಟಿಗೆ ತೆಗೆದವರಿಗೆ ಬೂಷ್ಟು ಹಿಡಿದ ಪುಸ್ತಕ ಹೊಸದಲ್ಲ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೆ ಹರಡಬೇಡಿ. ನೆರಳಲ್ಲಿ ಗಾಳಿಯಾಡಲು ಬಿಟ್ಟು, ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಮನೆಯ ಹೊರಗೆ ಝಾಡಿಸಿ. ಬೆನ್ನು ಬಿಟ್ಟ ಪುಸ್ತಕವನ್ನು ಜೆರಾಕ್ಸ್ ಗಾಜಿನ ಮೇಲೆ ಒತ್ತಿ ಹಿಡಿದರೆ ಅದು ಅಲ್ಲೇ ಎರಡಾಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಮೊದಲು ಶೀರ್ಷಿಕೆ ಪುಟ, ಅದರ ಹಿಂಬದಿ, ಆಮೇಲೆ ಬೇಕಾದ ಪುಟ, ಮೂಲೆಯ ಸಂಖ್ಯೆ ಕಾಣುವಂತೆ. ಕಡತ, ಓಲೆಗರಿ ಸಿಕ್ಕರೆ ಬಿಡಿಸಲು ಹೋಗದೆ ತಿಳಿದವರಿಗೆ ತೋರಿಸಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಹಸ್ತಪ್ರತಿಗಳ ಸಂಗ್ರಹವಿದೆ.

ಲಕ್ಷಣ: ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶ ಹೋಲಿಕೆಯ ಶೇಕಡಾ ತೋರಿಸುತ್ತಿದೆ

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಗಳ ಪ್ರಕಾರ ಹೋಲಿಕೆ 10 ಶೇಕಡಾದವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, 40ರಿಂದ 60ಕ್ಕೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಆಧಾರ ಕೊಟ್ಟ ಉದ್ಧರಣ, ಗ್ರಂಥಸೂಚಿ, ಪರಿವಿಡಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಶೇಕಡಾ ಹೆಚ್ಚು ಬಂದರೆ ಮೊದಲು ಅವನ್ನು ಹೊರಗಿಟ್ಟು ತಪಾಸಣೆ ಮಾಡಿಸಿದ್ದಾರೆಯೇ ಕೇಳಿ. ಕಡಿಮೆ ಬಂದರೆ ಹಿಗ್ಗಬೇಡಿ. ಎಷ್ಟೋ ಕನ್ನಡ ಪುಸ್ತಕಗಳು ಯಾವ ಗಣಕಕ್ಕೂ ಏರಿಲ್ಲ, ಅವುಗಳಿಂದ ಎತ್ತಿದ ಪುಟ ಯಂತ್ರಕ್ಕೆ ಕಾಣುವುದಿಲ್ಲ. ಆ ಪುಸ್ತಕವನ್ನು ತಾವೇ ಪಾಠ ಮಾಡಿದ ಪರೀಕ್ಷಕರಿಗೆ ಕಾಣುತ್ತದೆ. ಪದಗಳನ್ನು ಅದಲುಬದಲು ಮಾಡಿ ಶೇಕಡಾ ಇಳಿಸಿಕೊಡುತ್ತೇವೆ ಎನ್ನುವವರ ಕೈಗೆ ಪ್ರಬಂಧ ಕೊಡಬೇಡಿ. ಕಳವು ಕಳವಾಗಿಯೇ ಉಳಿಯುತ್ತದೆ, ಕನ್ನಡವೂ ಕೆಡುತ್ತದೆ.

ಎಲ್ಲಿ ನಿಲ್ಲಿಸಿ, ಯಾರನ್ನು ಕೇಳಬೇಕು

ಒಂದೇ ನಮೂದಿನ ಹಿಂದೆ ಒಂದು ಇಡೀ ದಿನ ಹೋದರೆ ಸಾಕು, ಗ್ರಂಥಪಾಲಕರ ಬಳಿ ಹೋಗಿ. ಬರಿಗೈಯಲ್ಲಿ ಹೋಗಬೇಡಿ: ಪುಸ್ತಕದ ಅಕ್ಸೆಷನ್ ಸಂಖ್ಯೆ (ಗ್ರಂಥಾಲಯ ಆ ಪ್ರತಿಗೆ ಕೊಟ್ಟ ದಾಖಲೆ ಸಂಖ್ಯೆ), ಶೀರ್ಷಿಕೆ ಪುಟದ ಚಿತ್ರ, ನೀವು ಬಳಸಿದ ಸಾಲು ಮೂರೂ ಜೊತೆಗಿರಲಿ. 2007ರ ಆಚೆಯ ಪುಸ್ತಕವಾದರೆ ಹಿಂಬದಿಯ 13 ಅಂಕಿಯ ಐಎಸ್‌ಬಿಎನ್ ಸಹ ಬರೆದುಕೊಳ್ಳಿ, ಯಾವ ಆವೃತ್ತಿ ಎಂದು ಪತ್ತೆ ಮಾಡಲು ಅದು ನೆರವಾಗುತ್ತದೆ. ಶೈಲಿಯ ತಕರಾರು ಮಾರ್ಗದರ್ಶಕರಿಗೆ, ಪ್ರತಿಯ ತಕರಾರು ಗ್ರಂಥಪಾಲಕರಿಗೆ. ಆಧಾರವಿಲ್ಲದೆ ಎತ್ತಿದ ಪರಿಚ್ಛೇದ ನಿಮ್ಮದೇ ಕರಡಿನಲ್ಲಿ ಕಂಡುಬಂದರೆ ಸಲ್ಲಿಸುವ ಮೊದಲೇ ಮಾರ್ಗದರ್ಶಕರಿಗೆ ಹೇಳಿ. ಆಗ ಅದು ತಿದ್ದುಪಡಿ, ಸಲ್ಲಿಸಿದ ಮೇಲಾದರೆ ವಿಚಾರಣೆ.